ಅಬ್ರಹಾಮನ ಮನೆತನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳ ಅಂಚೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಯಹೂದಿಗಳ ಮೂಲದ ಸುತ್ತಲೇ ಇವೆ. ಒಂದೇ ಅರ್ಥದವನ್ನು ಸೇರಿಸಿ ಉತ್ತರಿಸಿದ್ದೇವೆ. ಹೆಸರುಗಳು ಆದಷ್ಟು ಕನ್ನಡ ಬೈಬಲಿನಲ್ಲಿ ಇರುವ ಹಾಗೇ ಇವೆ.

ಪ್ರಶ್ನೆ: ಬೌದ್ಧರಿಗೆ ಬುದ್ಧ, ಸಿಖ್ಖರಿಗೆ ಗುರುನಾನಕ್ ಇದ್ದ ಹಾಗೆ ಯಹೂದಿ ಧರ್ಮವನ್ನು ಸ್ಥಾಪಿಸಿದವನು ಯಾರು? ಅಬ್ರಹಾಮನೋ, ಮೋಶೆಯೋ? (ಶಿವಮೊಗ್ಗದ ಓದುಗರು)

ನೀವು ಹೇಳುವ ಅರ್ಥದಲ್ಲಿ ಇಬ್ಬರೂ ಅಲ್ಲ. ಅಬ್ರಹಾಮ ಊರೂರು ತಿರುಗಿ ಉಪದೇಶ ಮಾಡಿದ್ದು, ಶಿಷ್ಯರನ್ನು ಕೂಡಿಸಿದ್ದು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಎಲ್ಲಿಯೂ ಇಲ್ಲ. ಅಲ್ಲಿ ಅವನು ದನಕುರಿ ಹೊಡೆದುಕೊಂಡು, ಮನೆಮಂದಿಯನ್ನು ಕರೆದುಕೊಂಡು ಹಾರಾನಿನಿಂದ ಕಾನಾನಿಗೆ ಬಂದ ಒಬ್ಬ ಯಜಮಾನ, ಅಷ್ಟೆ. ಹೊರಟಾಗ ವಯಸ್ಸು 75. ದೇವರು ಅವನಿಗೆ ಕೊಟ್ಟ ಮಾತು ಮುಖ್ಯವಾಗಿ ಎರಡು, ಸಂತಾನ ಮತ್ತು ನೆಲ. ಅದಕ್ಕೆ ಗುರುತಾಗಿ ಮನೆಯ ಗಂಡಸರಿಗೆಲ್ಲ ಸುನ್ನತಿ. ಈ ಒಪ್ಪಂದವನ್ನು ಕನ್ನಡ ಬೈಬಲ್ ‘ಒಡಂಬಡಿಕೆ’ ಎನ್ನುತ್ತದೆ, ಹೀಬ್ರೂವಿನಲ್ಲಿ ‘ಬ್ರಿತ್’.

ಇವತ್ತು ಯಹೂದಿ ಆಚರಣೆ ಎಂದಾಗ ನೆನಪಿಗೆ ಬರುವ ಮಿಕ್ಕಿದ್ದೊಂದೂ ಅವನ ಕಥೆಯಲ್ಲಿ ಕಾಣುವುದಿಲ್ಲ. ಬಿಸಿಲು ಹೊತ್ತಿನಲ್ಲಿ ಬಂದ ಮೂವರು ಅತಿಥಿಗಳಿಗೆ ಅವನು ಬಡಿಸಿದ್ದೇನು ನೋಡಿ: ಎಳೆಗರುವಿನ ಮಾಂಸ, ಜೊತೆಗೆ ಮೊಸರು, ಹಾಲು (ಆದಿಕಾಂಡ 18). ಮಾಂಸವನ್ನೂ ಹಾಲನ್ನೂ ಒಂದೇ ಊಟದಲ್ಲಿ ಕೂಡಿಸುವುದು ಸಂಪ್ರದಾಯಸ್ಥ ಯಹೂದಿ ಮನೆಯಲ್ಲಿ ನಡೆಯದ ಮಾತು. ಮುಂದೆ ಬಂದ ರಬ್ಬಿಗಳು, ಎಂದರೆ ಯಹೂದಿ ಧರ್ಮಪಂಡಿತರು, ಈ ಊಟಕ್ಕೆ ಸಮಜಾಯಿಷಿ ಕೊಡಲು ಸಾಕಷ್ಟು ಬೆವರು ಹರಿಸಿದ್ದಾರೆ.

ಕಟ್ಟಳೆಗಳು ಬಂದದ್ದು ಸೀನಾಯಿ ಬೆಟ್ಟದಲ್ಲಿ, ಮೋಶೆಯ ಮೂಲಕ. ರಬ್ಬಿಗಳ ಲೆಕ್ಕದಲ್ಲಿ ಅವು 613. ಆದರೆ ಅವುಗಳಲ್ಲಿ ಬಹಳಷ್ಟು ಯೆರೂಸಲೇಮಿನ ದೇವಾಲಯ, ಬಲಿ, ಯಾಜಕರಿಗೆ ಸಂಬಂಧಪಟ್ಟವು. ಕ್ರಿ.ಶ. 70ರಲ್ಲಿ ರೋಮನರು ಆ ದೇವಾಲಯವನ್ನು ಕೆಡವಿದರು, ಬಲಿ ನಿಂತಿತು. ಅಲ್ಲಿಂದ ಮುಂದೆ ಸಿನಗಾಗ್ (ಪ್ರಾರ್ಥನಾ ಮಂದಿರ), ಪ್ರಾರ್ಥನೆ, ಅಧ್ಯಯನ ಇವುಗಳ ಸುತ್ತ ಧರ್ಮವನ್ನು ಮತ್ತೆ ಕಟ್ಟಿದವರು ರಬ್ಬಿಗಳು; ಅವರ ಮೊದಲ ದೊಡ್ಡ ಸಂಹಿತೆಯಾದ ಮಿಷ್ನಾ ಸುಮಾರು ಕ್ರಿ.ಶ. 200ರದ್ದು. ಹೀಗಾಗಿ ಪೂರ್ವಜ ಒಬ್ಬ, ಕಾನೂನು ತಂದವ ಇನ್ನೊಬ್ಬ, ಈಗಿನ ರೂಪ ಕೊಟ್ಟವರು ಬೇರೆಯವರು. ಅಬ್ರಹಾಮನನ್ನು ‘ಸ್ಥಾಪಕ’ ಎಂದು ಬರೆಯುವ ಪಠ್ಯಪುಸ್ತಕಗಳು ಈ ಮೂರನ್ನೂ ಒಂದೇ ಗಂಟಿಗೆ ಕಟ್ಟುತ್ತವೆ.

ಪ್ರಶ್ನೆ: ಮೂಲಪುರುಷರು ಎಂದರೆ ನಿಖರವಾಗಿ ಎಷ್ಟು ಜನ? ಹನ್ನೆರಡು ಕುಲಗಳನ್ನು ಎಣಿಸಹೋದರೆ ನನಗೆ ಒಮ್ಮೆ ಹದಿಮೂರು, ಒಮ್ಮೆ ಹದಿನಾಲ್ಕು ಬರುತ್ತದೆ. (ಧಾರವಾಡ)

ಪಿತೃಗಳು ಮೂವರೇ: ಅಬ್ರಹಾಮ, ಅವನ ಮಗ ಇಸಾಕ, ಮೊಮ್ಮಗ ಯಾಕೋಬ. ಮಾತೃಗಳು ನಾಲ್ವರು: ಸಾರಾ, ರೆಬೆಕ್ಕ, ಲೇಯಾ, ರಾಹೇಲ. ಈ ಎಣಿಕೆಯನ್ನು ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮೂದ್ ಗಟ್ಟಿಮಾಡಿಟ್ಟಿದೆ. ಮೋಶೆ ಇದರಲ್ಲಿ ಸೇರುವುದಿಲ್ಲ, ರಾಜ ದಾವೀದನೂ ಸೇರುವುದಿಲ್ಲ. ದಿನಕ್ಕೆ ಮೂರು ಹೊತ್ತು ನಿಂತು ಹೇಳುವ ‘ಅಮೀದಾ’ ಪ್ರಾರ್ಥನೆ ಶುರುವಾಗುವುದೇ ‘ಅಬ್ರಹಾಮನ ದೇವರು, ಇಸಾಕನ ದೇವರು, ಯಾಕೋಬನ ದೇವರು’ ಎಂದು. ಬೆಳಗಿನ ಪ್ರಾರ್ಥನೆ ಅಬ್ರಹಾಮನದು, ಮಧ್ಯಾಹ್ನದ್ದು ಇಸಾಕನದು, ರಾತ್ರಿಯದು ಯಾಕೋಬನದು ಎಂಬ ನಂಬಿಕೆಯೂ ತಾಲ್ಮೂದಿನಲ್ಲಿದೆ.

ಇನ್ನು ಕುಲಗಳು. ಯಾಕೋಬನ ಮಕ್ಕಳನ್ನು ತಾಯಂದಿರ ಪ್ರಕಾರ ಬರೆದುಕೊಳ್ಳಿ. ಲೇಯಾಳಿಗೆ ಆರು: ರೂಬೇನ, ಸಿಮೆಯೋನ, ಲೇವಿ, ಯೆಹೂದ, ಇಸ್ಸಾಕಾರ, ಜೆಬುಲೂನ. ರಾಹೇಲಳಿಗೆ ಎರಡು: ಯೋಸೇಫ, ಬೆನ್ಯಾಮೀನ. ರಾಹೇಲಳ ದಾಸಿ ಬಿಲ್ಹಾಳಿಗೆ ದಾನ, ನಫ್ತಾಲಿ. ಲೇಯಾಳ ದಾಸಿ ಜಿಲ್ಪಾಳಿಗೆ ಗಾದ, ಆಶೇರ. ಒಟ್ಟು ಹನ್ನೆರಡು. (ದೀನಾ ಎಂಬ ಮಗಳೂ ಇದ್ದಳು, ಅವಳ ಹೆಸರಿನ ಕುಲವಿಲ್ಲ.) ಎಡವಟ್ಟಾಗುವುದು ನೆಲ ಹಂಚುವಾಗ. ಲೇವಿಯ ಕುಲಕ್ಕೆ ದೇವರ ಸೇವೆಯೇ ಪಾಲು, ನೆಲವಿಲ್ಲ. ಖಾಲಿಯಾದ ಆ ಜಾಗ ತುಂಬಲು ಯೋಸೇಫನ ಪಾಲನ್ನು ಅವನ ಇಬ್ಬರು ಮಕ್ಕಳಾದ ಎಫ್ರಾಯೀಮ, ಮನಸ್ಸೆ ಹಂಚಿಕೊಳ್ಳುತ್ತಾರೆ. ಮಕ್ಕಳ ಪಟ್ಟಿ ಮಾಡುವಾಗ ಲೇವಿ, ಯೋಸೇಫ ಇಬ್ಬರೂ ಇರಲಿ, ಎಫ್ರಾಯೀಮ, ಮನಸ್ಸೆ ಬೇಡ. ನೆಲದ ಪಟ್ಟಿಯಲ್ಲಿ ಇದರ ತಿರುವುಮುರುವು. ನಿಮ್ಮ ಎಣಿಕೆಯಲ್ಲಿ ಎರಡೂ ಪಟ್ಟಿ ಬೆರೆತಿವೆ.

ಪ್ರಶ್ನೆ: ಯಹೂದಿಗಳಲ್ಲಿ ನಮ್ಮ ಹಾಗೆ ಗೋತ್ರ ಉಂಟೆ? (ಉಡುಪಿ)

ಹೋಲಿಕೆ ಅರ್ಧಕ್ಕೆ ಮಾತ್ರ ಕೂಡುತ್ತದೆ. ಇವತ್ತು ಲೆಕ್ಕಕ್ಕಿರುವುದು ಮೂರು ವಿಭಾಗ. ಮೋಶೆಯ ಅಣ್ಣ ಆರೋನನ ಗಂಡು ಸಂತತಿ ‘ಕೋಹೆನ್’, ಲೇವಿ ಕುಲದ ಉಳಿದವರು ‘ಲೇವಿ’, ಮಿಕ್ಕ ಎಲ್ಲರೂ ‘ಇಸ್ರಾಯೇಲ್’. ಇದು ತಂದೆಯಿಂದ ಮಗನಿಗೆ ಬರುತ್ತದೆ. ಸಿನಗಾಗಿನಲ್ಲಿ ತೋರಾ (ಬೈಬಲಿನ ಮೊದಲ ಐದು ಪುಸ್ತಕ) ಓದುವಾಗ ಮೊದಲು ಕೋಹೆನನನ್ನು, ಆಮೇಲೆ ಲೇವಿಯನ್ನು, ನಂತರ ಇಸ್ರಾಯೇಲರನ್ನು ಕರೆಯುತ್ತಾರೆ. ಸಂಪ್ರದಾಯ ಪಾಲಿಸುವ ಕೋಹೆನ್ ವಿಚ್ಛೇದಿತೆಯನ್ನು ಮದುವೆಯಾಗುವಂತಿಲ್ಲ, ಹತ್ತಿರದ ಬಂಧುಗಳದ್ದಲ್ಲದೆ ಬೇರೆ ಹೆಣದ ಬಳಿ ಹೋಗುವಂತಿಲ್ಲ. ಗೋರಿಕಲ್ಲಿನಲ್ಲೂ ಗುರುತು ಸಿಗುತ್ತದೆ: ಆಶೀರ್ವಾದಕ್ಕೆ ಚಾಚಿದ ಎರಡು ಅಂಗೈ ಇದ್ದರೆ ಕೋಹೆನ್, ನೀರಿನ ಹೂಜಿ ಇದ್ದರೆ ಲೇವಿ.

ಆದರೆ ಯಹೂದಿ ಹೌದೋ ಅಲ್ಲವೋ ಎಂಬುದು ಸಾಂಪ್ರದಾಯಿಕ ನಿಯಮದಲ್ಲಿ ತಾಯಿಯಿಂದ ನಿರ್ಧಾರವಾಗುತ್ತದೆ. (ಅಮೆರಿಕದ ರಿಫಾರ್ಮ್ ಪಂಥ 1983ರಲ್ಲಿ ತಂದೆಯ ಕಡೆಯಿಂದಲೂ ಷರತ್ತಿನ ಮೇಲೆ ಒಪ್ಪಿಕೊಂಡಿತು, ಸಂಪ್ರದಾಯಸ್ಥರು ಇದನ್ನು ಮಾನ್ಯ ಮಾಡುವುದಿಲ್ಲ.) ಧರ್ಮಕ್ಕೆ ಹೊಸದಾಗಿ ಸೇರಿದವರಿಗೆ ತಂದೆತಾಯಿಯ ಹೆಸರಿನ ಜಾಗದಲ್ಲಿ ಅಬ್ರಹಾಮ, ಸಾರಾ ಎಂದೇ ಬರೆಯುತ್ತಾರೆ. ಮನೆತನಕ್ಕೆ ದತ್ತು ತೆಗೆದುಕೊಂಡ ಹಾಗೆ.

ಸಗೋತ್ರ ನಿಷೇಧದಂಥದ್ದು ಇಲ್ಲವೇ ಇಲ್ಲ. ಮೂಲಪುರುಷರು ಹುಡುಕಿಕೊಂಡು ಹೋಗಿ ನೆಂಟಸ್ತಿಕೆಯೊಳಗೇ ಹೆಣ್ಣು ತಂದವರು. ರೆಬೆಕ್ಕ ಅಬ್ರಹಾಮನ ತಮ್ಮ ನಾಹೋರನ ಮೊಮ್ಮಗಳು. ಯಾಕೋಬ ಮದುವೆಯಾದ ಲೇಯಾ, ರಾಹೇಲ ಇಬ್ಬರೂ ಅವನ ಸೋದರಮಾವ ಲಾಬಾನನ ಮಕ್ಕಳು; ಇದು ನಮ್ಮವರಿಗೆ ವಿವರಿಸಬೇಕಾದ ಸಂಬಂಧವೇನಲ್ಲ. ಕುತೂಹಲದ ಸಂಗತಿ ಎಂದರೆ, ಅಕ್ಕ ಬದುಕಿರುವಾಗ ತಂಗಿಯನ್ನೂ ಮದುವೆಯಾಗಬಾರದು ಎಂದು ಯಾಜಕಕಾಂಡ (18:18) ವಿಧಿಸುತ್ತದೆ. ಯಾಕೋಬ ಮಾಡಿದ್ದು ಅದನ್ನೇ. ಸಾರಾ ತನ್ನ ತಂದೆಯ ಮಗಳು, ತಾಯಿ ಮಾತ್ರ ಬೇರೆ ಎಂದು ಅಬ್ರಹಾಮ ಒಂದು ಕಡೆ ಹೇಳುತ್ತಾನೆ. ಅದೂ ಅದೇ ಅಧ್ಯಾಯದಲ್ಲಿ ನಿಷಿದ್ಧ. ಕಥೆಗಳು ಕಟ್ಟಳೆಗೆ ತಕ್ಕಂತೆ ಹೆಣೆದವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಹಿಂದಿನಿಂದ ಹೇಳಿಕೊಂಡು ಬಂದದ್ದನ್ನು ತಿದ್ದದೆ ಉಳಿಸಿಕೊಂಡಿದ್ದಾರೆ.

ಪ್ರಶ್ನೆ: ಅಬ್ರಹಾಮ ಹುಟ್ಟಿದ್ದು 1948ರಲ್ಲಿ, ಇಸ್ರೇಲ್ ದೇಶ ಹುಟ್ಟಿದ್ದೂ 1948ರಲ್ಲಿ ಎಂದು ವಾಟ್ಸಾಪ್‌ನಲ್ಲಿ ಓದಿದೆ. ನಿಜವೇ? (ದಾವಣಗೆರೆ)

ಅಂಕಿ ಒಂದೇ, ಶಕ ಬೇರೆ. ಮೊದಲನೆಯದು ಸೃಷ್ಟಿಯಿಂದ ಎಣಿಸಿದ ವರ್ಷ. ಆದಿಕಾಂಡದ 5 ಮತ್ತು 11ನೇ ಅಧ್ಯಾಯಗಳಲ್ಲಿ ‘ಇಂಥವನಿಗೆ ಇಷ್ಟು ವರ್ಷವಾದಾಗ ಇಂಥವನು ಹುಟ್ಟಿದ’ ಎಂಬ ಸರಪಳಿ ಇದೆ. ಹೀಬ್ರೂ ಪಾಠದಂತೆ ಕೂಡಿಸುತ್ತ ಹೋದರೆ ನೋಹ ಹುಟ್ಟಿದ್ದು 1056ರಲ್ಲಿ, ಜಲಪ್ರಳಯ 1656ರಲ್ಲಿ, ನೋಹನ ಮೊಮ್ಮಗ ಅರ್ಪಕ್ಷದ ಹುಟ್ಟಿದ್ದು 1658ರಲ್ಲಿ. ಮುಂದೆ 35, 30, 34, 30, 32, 30, 29, 70 ಸೇರಿಸಿ, 1948 ಬರುತ್ತದೆ. ಗ್ರೀಕ್ ಅನುವಾದದಲ್ಲಿ ಇದೇ ಸರಪಳಿಯ ಹಲವು ಸಂಖ್ಯೆಗಳು ತಲಾ ನೂರು ಹೆಚ್ಚಿವೆ. ಅದನ್ನು ಹಿಡಿದು ಕೂಡಿಸಿದರೆ ಕಾಕತಾಳೀಯವೂ ಹಾರಿಹೋಗುತ್ತದೆ.

ಯಹೂದಿ ವರ್ಷ ತಿಳಿಯುವುದು ಸುಲಭ. ಸೆಪ್ಟೆಂಬರ್ ಇಲ್ಲವೇ ಅಕ್ಟೋಬರಿನಲ್ಲಿ ಬರುವ ಅವರ ಹೊಸ ವರ್ಷಕ್ಕೆ ಮೊದಲಾದರೆ ನಮ್ಮ ಇಸವಿಗೆ 3760 ಕೂಡಿಸಿ, ನಂತರವಾದರೆ 3761. 2025ರ ಸೆಪ್ಟೆಂಬರ್ 22ರ ಸೂರ್ಯಾಸ್ತದಿಂದ 5786 ಶುರುವಾಯಿತು. ಇದು ಚಾಂದ್ರಮಾನವಾದರೂ ಋತುವಿನ ಜೊತೆ ಹೊಂದಿಸಿದ್ದು, ಪಂಚಾಂಗ ಬಲ್ಲವರಿಗೆ ಹೊಸದಲ್ಲ: 19 ವರ್ಷಕ್ಕೆ 7 ಅಧಿಕಮಾಸ. ವರ್ಷವನ್ನು 19ರಿಂದ ಭಾಗಿಸಿ, ಶೇಷ 0, 3, 6, 8, 11, 14, 17 ಆದರೆ ಅಧಿಕಮಾಸದ ವರ್ಷ. 5784ಕ್ಕೆ ಶೇಷ 8, ಆದ್ದರಿಂದ ಆ ವರ್ಷ ಆದಾರ್ ತಿಂಗಳು ಎರಡು ಬಂತು.

ಸಂಪ್ರದಾಯದ ಲೆಕ್ಕದಲ್ಲಿ ಅಬ್ರಹಾಮನ ಜನನ ಸುಮಾರು ಕ್ರಿ.ಪೂ. 1813 ಎಂದಾಗುತ್ತದೆ. ಇದನ್ನು ಇತಿಹಾಸದ ತಾರೀಕು ಎಂದುಕೊಂಡರೆ ಕಾಲು ಜಾರುತ್ತದೆ. ಏಕೆಂದು ಮುಂದಿನ ಉತ್ತರದಲ್ಲಿ.

ಪ್ರಶ್ನೆ: ಅಬ್ರಹಾಮ, ಮೋಶೆ ಇದ್ದರು ಎನ್ನುವುದಕ್ಕೆ ಉತ್ಖನನದಲ್ಲಿ ಏನಾದರೂ ಸಿಕ್ಕಿದೆಯೇ? (ಮೈಸೂರಿನ ಇತಿಹಾಸ ವಿದ್ಯಾರ್ಥಿನಿ)

ಅವರ ಹೆಸರಿರುವ, ಅವರ ಕಾಲದ್ದೆನ್ನಬಹುದಾದ ಒಂದು ಬರಹವೂ ಸಿಕ್ಕಿಲ್ಲ. ಸೀನಾಯಿ ಮರುಭೂಮಿಯಲ್ಲಿ ಆರು ಲಕ್ಷ ಗಂಡಸರು ನಲವತ್ತು ವರ್ಷ ಅಲೆದ ಕುರುಹೂ ಇಲ್ಲ. ಆದರೆ ‘ಏನೂ ಇಲ್ಲ, ಎಲ್ಲ ಕಟ್ಟುಕಥೆ’ ಎಂದು ಪುಸ್ತಕ ಮುಚ್ಚುವುದೂ ಸೋಮಾರಿತನ. ಕಥೆ ನಡೆಯುವ ಕಾಲ ಒಂದು, ಕಥೆ ಬರಹಕ್ಕಿಳಿದ ಕಾಲ ಇನ್ನೊಂದು. ಇವೆರಡನ್ನು ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಂಡು ಓದಿ.

ಅಬ್ರಹಾಮ ‘ಕಲ್ದೀಯರ ಊರ್’ ಪಟ್ಟಣ ಬಿಟ್ಟು ಬಂದ ಎನ್ನುತ್ತದೆ ಆದಿಕಾಂಡ. ಕಲ್ದೀಯರು ದಕ್ಷಿಣ ಮೆಸೊಪೊಟೇಮಿಯದಲ್ಲಿ ಕಾಣಿಸಿಕೊಳ್ಳುವುದು ಕ್ರಿ.ಪೂ. ಒಂಬತ್ತನೇ ಶತಮಾನದ ಹೊತ್ತಿಗೆ. ಅಬ್ರಹಾಮನ ಆಳು ಹೆಣ್ಣು ನೋಡಲು ಹತ್ತು ಒಂಟೆ ಹೊಡೆದುಕೊಂಡು ಹೋಗುತ್ತಾನೆ. ಆ ಸೀಮೆಯಲ್ಲಿ ಹೊರೆ ಹೊರುವ ಸಾಕು ಒಂಟೆಯ ಮೂಳೆಗಳು ಹೇರಳವಾಗಿ ಸಿಗತೊಡಗುವುದು ಕ್ರಿ.ಪೂ. ಹತ್ತನೇ ಶತಮಾನದಿಂದೀಚೆಗೆ. ಬರೆದವರು ತಮ್ಮ ಕಾಲದ ಊರು, ತಮ್ಮ ಕಾಲದ ಸಾಗಣೆಯನ್ನು ಹಳೆಯ ಕಥೆಗೆ ತೊಡಿಸಿದ್ದಾರೆ ಎಂದರ್ಥ. ಜೊತೆಗೆ ಒಂದೇ ಕಥೆ ಮೂರು ಸಲ ಬರುತ್ತದೆ: ಪರಊರಿನಲ್ಲಿ ಜೀವಭಯದಿಂದ ಹೆಂಡತಿಯನ್ನು ತಂಗಿ ಎನ್ನುವುದು. 12ನೇ ಅಧ್ಯಾಯದಲ್ಲಿ ಅಬ್ರಹಾಮ ಐಗುಪ್ತದಲ್ಲಿ (ಈಜಿಪ್ಟ್), 20ರಲ್ಲಿ ಅವನೇ ಗೆರಾರಿನಲ್ಲಿ, 26ರಲ್ಲಿ ಇಸಾಕ ಅದೇ ಗೆರಾರಿನಲ್ಲಿ. ಜನಪದ ಹಾಡು ಸಂಗ್ರಹಿಸಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಬೇರೆ ಬೇರೆ ಬಾಯಿಯ ಪಾಠಾಂತರಗಳನ್ನು ಸಂಪಾದಕ ಬಿಡದೆ ಸೇರಿಸಿದ್ದಾನೆ.

ಇನ್ನು ಕೈಗೆ ಸಿಕ್ಕ ವಸ್ತುಗಳು. ‘ಇಸ್ರಾಯೇಲ್’ ಎಂಬ ಹೆಸರು ಬೈಬಲಿನ ಹೊರಗೆ ಮೊದಲು ಸ್ಪಷ್ಟವಾಗಿ ಕಾಣುವುದು ಐಗುಪ್ತದ ದೊರೆ, ಫರೋಹ ಮೆರ್ನೆಪ್ತಾನ ವಿಜಯಶಾಸನದಲ್ಲಿ, ಸುಮಾರು ಕ್ರಿ.ಪೂ. 1208. ಮೂರು ಮೀಟರಿಗೂ ಎತ್ತರದ ಈ ಕಲ್ಲನ್ನು 1896ರಲ್ಲಿ ಥೀಬ್ಸ್‌ನಲ್ಲಿ ಪತ್ತೆ ಮಾಡಿದವನು ಬ್ರಿಟಿಷ್ ಪುರಾತತ್ತ್ವಜ್ಞ ಫ್ಲಿಂಡರ್ಸ್ ಪೆಟ್ರಿ. ಇಸ್ರಾಯೇಲ್ ನಾಶವಾಯಿತು, ಅದರ ಬೀಜ ಉಳಿದಿಲ್ಲ ಎಂದು ಫರೋಹ ಕೊಚ್ಚಿಕೊಳ್ಳುತ್ತಾನೆ. ಗಮನಿಸಬೇಕಾದ್ದು ಅಕ್ಷರದ ಪಕ್ಕದ ಚಿತ್ರ. ಅದೇ ಸಾಲುಗಳಲ್ಲಿ ಬರುವ ಅಷ್ಕೆಲೋನ್, ಗೆಜೆರ್ ಪಟ್ಟಣಗಳ ಹೆಸರಿನ ಮುಂದೆ ಪರನಾಡನ್ನು ಸೂಚಿಸುವ ಮೂರು ಗುಡ್ಡದ ಗುರುತಿದೆ. ಇಸ್ರಾಯೇಲಿನ ಮುಂದೆ ಗುಡ್ಡವಿಲ್ಲ. ಕೂತ ಒಬ್ಬ ಗಂಡಸು, ಒಬ್ಬ ಹೆಂಗಸು, ಕೆಳಗೆ ಬಹುವಚನದ ಮೂರು ಗೀಟು. ಐಗುಪ್ತದ ಲಿಪಿಕಾರನ ಕಣ್ಣಿಗೆ ಅದಿನ್ನೂ ಒಂದು ನಾಡಲ್ಲ, ಒಂದು ಜನ.

ಅದೇ ಹೊತ್ತಿಗೆ ಕಾನಾನಿನ ಗುಡ್ಡಗಾಡಿನಲ್ಲಿ ನೂರಾರು ಸಣ್ಣ ಹಳ್ಳಿಗಳು ಹೊಸದಾಗಿ ಏಳುತ್ತವೆ. ಅಲ್ಲಿಯ ಮಡಕೆಗಳು ಕಾನಾನ್ಯರ ಮಡಕೆಯ ಮುಂದುವರಿಕೆಯೇ. ಅನೇಕ ಸಂಶೋಧಕರು ಇಸ್ರಾಯೇಲರು ಬಹುಪಾಲು ಆ ನೆಲದ ಒಳಗಿನಿಂದಲೇ ಮೂಡಿದವರು ಎನ್ನುವುದು ಈ ಕಾರಣಕ್ಕೆ. ‘ದಾವೀದನ ಮನೆತನ’ ಎಂಬ ಮಾತಿರುವ ಅರಾಮಿಕ್ ಶಾಸನ 1993ರಲ್ಲಿ ಉತ್ತರ ಇಸ್ರೇಲಿನ ತೇಲ್ ದಾನ್‌ನಲ್ಲಿ ಸಿಕ್ಕಿತು. ತೋರಾದ ಸಾಲುಗಳಿಗೆ ಸಂಬಂಧಿಸಿದಂತೆ ಸಿಕ್ಕ ಅತಿ ಹಳೆಯದು ಎರಡು ಬೆಳ್ಳಿ ತಾಯತ. ಯೆರೂಸಲೇಮಿನ ಕೆತೆಫ್ ಹಿನ್ನೋಮ್ ಗೋರಿಯಲ್ಲಿ 1979ರಲ್ಲಿ ದೊರೆತವು, ಕಾಲ ಸುಮಾರು ಕ್ರಿ.ಪೂ. 600. ಸುರುಳಿ ಬಿಡಿಸಿದಾಗ ದೊಡ್ಡದು 97 ಮಿ.ಮೀ. ಉದ್ದ, 27 ಮಿ.ಮೀ. ಅಗಲ. ತೆಳುವಾದ ಬೆಳ್ಳಿಯ ಮೇಲೆ ಗೀಚಿದ್ದು ಅರಣ್ಯಕಾಂಡದ 6ನೇ ಅಧ್ಯಾಯದ ಆಶೀರ್ವಾದದ ಮಾತು. ಕೋಹೆನರು ಇವತ್ತಿಗೂ ಕೈಚಾಚಿ ಹೇಳುವುದು ಅದನ್ನೇ.

ಪ್ರಶ್ನೆ: ಹೀಬ್ರೂ, ಇಸ್ರಾಯೇಲ್, ಯಹೂದಿ: ಮೂರೂ ಒಂದೇಯೇ? (ಬಳ್ಳಾರಿ)

ಜನ ಒಂದೇ, ಕಾಲ ಬೇರೆ. ‘ಇಬ್ರಿ’ ಎಂದು ಆದಿಕಾಂಡ ಮೊದಲು ಕರೆಯುವುದು ಅಬ್ರಹಾಮನನ್ನು. ‘ಇಸ್ರಾಯೇಲ್’ ಯಬ್ಬೋಕ್ ಹೊಳೆಯ ದಡದಲ್ಲಿ ರಾತ್ರಿಯಿಡೀ ಹೋರಾಡಿದ ಯಾಕೋಬನಿಗೆ ಸಿಕ್ಕ ಹೆಸರು. ‘ಯಹೂದಿ’ ಬಂದದ್ದು ಯೆಹೂದ ಕುಲದಿಂದ. ಉತ್ತರದ ಇಸ್ರಾಯೇಲ್ ರಾಜ್ಯ ಕ್ರಿ.ಪೂ. 722ರ ಸುಮಾರಿಗೆ ಅಶ್ಶೂರರಿಗೆ ಬಿತ್ತು, ದಕ್ಷಿಣದ ಯೆಹೂದ ರಾಜ್ಯ 586ರ ಹೊತ್ತಿಗೆ ಬಾಬಿಲೋನಿಗೆ. ಸೆರೆಯಿಂದ ಮರಳಿದವರಿಗೆ ದಕ್ಷಿಣದ ಹೆಸರೇ ನಿಂತಿತು. ಬೈಬಲಿನ ಎಸ್ತೇರಳ ಕಥೆಯ ಮೊರ್ದೆಕೈ ಬೆನ್ಯಾಮೀನ ಕುಲದವನು, ಆದರೂ ಅವನನ್ನು ‘ಯಹೂದಿ’ ಎಂದೇ ಪರಿಚಯಿಸುತ್ತಾರೆ.

ಪ್ರಶ್ನೆ: ಅಬ್ರಹಾಮನಿಗೆ ದೇವರು ಇಡೀ ನಾಡನ್ನೇ ಕೊಟ್ಟ ಮೇಲೆ ಹೆಂಡತಿಯನ್ನು ಹೂಳಲು ದುಡ್ಡು ಕೊಟ್ಟು ಜಮೀನು ಕೊಂಡದ್ದೇಕೆ? (ಹಾಸನದ ನಿವೃತ್ತ ಸಬ್ ರಿಜಿಸ್ಟ್ರಾರ್)

ನಿಮ್ಮ ವೃತ್ತಿಯವರೇ ಕೇಳಬೇಕಾದ ಪ್ರಶ್ನೆ. ಆದಿಕಾಂಡ 23 ಒಂದು ಕ್ರಯಪತ್ರದ ಹಾಗೇ ಇದೆ. ಸಾರಾ 127ನೇ ವಯಸ್ಸಿಗೆ ಹೆಬ್ರೋನಿನಲ್ಲಿ ತೀರಿಕೊಳ್ಳುತ್ತಾಳೆ. ‘ನಾನು ನಿಮ್ಮಲ್ಲಿ ಪರದೇಶಿ’ ಎಂದು ಹೇಳಿಯೇ ಅಬ್ರಹಾಮ ಮಾತು ತೆಗೆಯುತ್ತಾನೆ. ಪರದೇಶಿಗೆ ನೆಲದ ಹಕ್ಕಿಲ್ಲ; ಅದಕ್ಕೇ ಊರ ಬಾಗಿಲಲ್ಲಿ, ಹತ್ತು ಜನರ ಎದುರಿಗೆ ವ್ಯವಹಾರ. ಹೊಲದ ಒಡೆಯ ಎಫ್ರೋನ ಮೊದಲು ‘ಹಾಗೇ ತಗೋ’ ಎನ್ನುತ್ತಾನೆ. ಅಬ್ರಹಾಮ ಒಪ್ಪುವುದಿಲ್ಲ. ಪುಕ್ಕಟೆ ಸಿಕ್ಕ ಜಾಗವನ್ನು ನಾಳೆ ಎಫ್ರೋನನ ಮಕ್ಕಳು ವಾಪಸು ಕೇಳಬಹುದು. ಆಗ ಎಫ್ರೋನ, ‘400 ಶೆಕೆಲಿನ ಭೂಮಿ, ನನಗೂ ನಿನಗೂ ಅದೇನು ಮಹಾ’ ಎಂದು ನಯವಾಗಿ ಬೆಲೆ ಹೇಳಿಬಿಡುತ್ತಾನೆ. ಅಬ್ರಹಾಮ ಚೌಕಾಸಿ ಮಾಡದೆ ತೂಗಿ ಕೊಡುತ್ತಾನೆ. ಕೊನೆಗೆ ಚಕ್ಕುಬಂದಿ: ಮಮ್ರೆಯ ಎದುರಿನ ಹೊಲ, ಅದರೊಳಗಿನ ಮಕ್ಪೇಲ ಗವಿ, ಸುತ್ತಲಿನ ಎಲ್ಲೆಯೊಳಗಿರುವ ಎಲ್ಲ ಮರಗಳು. ಗಿಡಮರ ಸಮೇತ!

ಶೆಕೆಲ್ ಎಂದರೆ ಇಲ್ಲಿ ನಾಣ್ಯವಲ್ಲ, ತೂಕ. ನಾಣ್ಯ ಆಗಿನ್ನೂ ಹುಟ್ಟಿರಲಿಲ್ಲ. ಯೆಹೂದ ರಾಜ್ಯದ ತೂಕದ ಕಲ್ಲುಗಳ ಪ್ರಕಾರ ಒಂದು ಶೆಕೆಲ್ ಸುಮಾರು 11.3 ಗ್ರಾಂ, 400ಕ್ಕೆ ನಾಲ್ಕೂವರೆ ಕಿಲೋ ಬೆಳ್ಳಿ. ಪ್ರವಾದಿ ಯೆರೆಮೀಯ ಹೊಲ ಕೊಂಡದ್ದು 17 ಶೆಕೆಲಿಗೆ, ದಾವೀದ ಕಣವನ್ನೂ ಎತ್ತುಗಳನ್ನೂ ಕೊಂಡದ್ದು 50ಕ್ಕೆ. ಎಫ್ರೋನ ಚೆನ್ನಾಗಿಯೇ ಕಿತ್ತಿದ್ದಾನೆ.

ಆ ಗವಿಯಲ್ಲಿ ಮೂರು ಜೋಡಿ ಎಂದು ನಂಬಿಕೆ: ಅಬ್ರಹಾಮ-ಸಾರಾ, ಇಸಾಕ-ರೆಬೆಕ್ಕ, ಯಾಕೋಬ-ಲೇಯಾ. ರಾಹೇಲ ಇಲ್ಲಿಲ್ಲ, ದಾರಿಯಲ್ಲಿ ಹೆರಿಗೆಯಲ್ಲಿ ಸತ್ತ ಅವಳ ಗೋರಿ ಬೇತ್ಲೆಹೇಮಿನ ಬಳಿ ಎನ್ನುತ್ತಾರೆ. ಹೆಬ್ರೋನಿನ ಆ ಜಾಗದ ಸುತ್ತ ಹೆರೋದ ರಾಜನ ಕಾಲದ ಕಲ್ಲುಗೋಡೆ ಇವತ್ತಿಗೂ ನಿಂತಿದೆ. ಒಳಗೆ ಕಾಣುವ ಗೋರಿಗಳು ನೆಲದ ಮೇಲಿನ ಗುರುತು ಮಾತ್ರ, ಗವಿ ಕೆಳಗೆ ಮುಚ್ಚಿಕೊಂಡಿದೆ. ಅಬ್ರಹಾಮ ಮುಸ್ಲಿಮರಿಗೂ ಇಬ್ರಾಹಿಂ ಪ್ರವಾದಿಯಾದ್ದರಿಂದ ಅದು ಮಸೀದಿಯೂ ಹೌದು. 1994ರಲ್ಲಿ ಒಬ್ಬ ಯಹೂದಿ ಬಂದೂಕುಧಾರಿ ನಮಾಜು ಮಾಡುತ್ತಿದ್ದ 29 ಮಂದಿಯನ್ನು ಕೊಂದ ಮೇಲೆ ಕಟ್ಟಡವನ್ನು ಎರಡಾಗಿ ವಿಂಗಡಿಸಿದ್ದಾರೆ. ವರ್ಷದಲ್ಲಿ ಹತ್ತು ದಿನ ಪೂರ್ತಿ ಯಹೂದಿಗಳಿಗೆ, ಹತ್ತು ದಿನ ಪೂರ್ತಿ ಮುಸ್ಲಿಮರಿಗೆ. ಹೋಗುವವರು ಆ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಿ.

ಪ್ರಶ್ನೆ: ಸುನ್ನತಿಗೆ ಎಂಟನೇ ದಿನ ಎನ್ನುತ್ತಾರಲ್ಲ, ಎಣಿಸುವುದು ಹೇಗೆ? (ಬೆಂಗಳೂರು)

ನಮ್ಮಲ್ಲಿ ದಿನ ಸೂರ್ಯೋದಯಕ್ಕೆ ಮೊದಲಾಗುತ್ತದೆ, ಅವರಲ್ಲಿ ಸೂರ್ಯಾಸ್ತಕ್ಕೆ. ಹುಟ್ಟಿದ ದಿನವೇ ಒಂದನೆಯದು. ಮಂಗಳವಾರ ಹಗಲು ಹುಟ್ಟಿದರೆ ಮುಂದಿನ ಮಂಗಳವಾರ, ಮಂಗಳವಾರ ಕತ್ತಲಾದ ಮೇಲೆ ಹುಟ್ಟಿದರೆ ಮುಂದಿನ ಬುಧವಾರ. ಮುಚ್ಚಂಜೆಯಲ್ಲಿ ಹುಟ್ಟಿದರೆ ಸಂಶಯ. ಬೇಗ ಮಾಡಬಾರದೆಂದು ಮುಂದಿನ ದಿನಕ್ಕೇ ಹಿಡಿಯುತ್ತಾರೆ. ಎಂಟನೇ ದಿನ ಶನಿವಾರ, ಅಂದರೆ ಸಬ್ಬತ್ ಆದರೂ ನಡೆಯುತ್ತದೆ, ಆದರೆ ಸಹಜ ಹೆರಿಗೆಯಾಗಿದ್ದು ದಿನ ನಿಶ್ಚಿತವಾಗಿದ್ದರೆ ಮಾತ್ರ. ಸಿಸೇರಿಯನ್ ಆಗಿದ್ದರೆ ಭಾನುವಾರಕ್ಕೆ ಹೋಗುತ್ತದೆ. ಮಗುವಿಗೆ ಕಾಮಾಲೆ ಇದ್ದರೆ ವಾಸಿಯಾಗುವ ತನಕ ಕಾಯಬೇಕು. ಇಬ್ಬರು ಅಣ್ಣಂದಿರು ಸುನ್ನತಿಯಿಂದ ಸತ್ತಿದ್ದರೆ ಮೂರನೆಯವನಿಗೆ ಮಾಡಬಾರದೆಂದು ತಾಲ್ಮೂದ್ ಹೇಳುತ್ತದೆ. ರಕ್ತ ಹೆಪ್ಪುಗಟ್ಟದ ವಂಶದ ಕಾಯಿಲೆಯನ್ನು ಅವರು ಅಷ್ಟು ಹಿಂದೆಯೇ ಗುರುತಿಸಿದ್ದರು.

ಪ್ರಶ್ನೆ: ನಮ್ಮ ಕಡೆ ಯಹೂದಿಗಳು ಇದ್ದರೇ? (ಕಾರವಾರ, ಮಂಗಳೂರಿನ ಓದುಗರು)

ಇದ್ದರು. ನಿಮ್ಮ ಉತ್ತರ ದಿಕ್ಕಿಗೆ, ಕೊಂಕಣ ತೀರದಲ್ಲಿ, ಬೆನೆ ಇಸ್ರೇಲರು ಎಂಬ ಯಹೂದಿ ಸಮುದಾಯ. ಮರಾಠಿ ಮಾತಾಡುವ ಇವರು ಎಣ್ಣೆ ಗಾಣ ಆಡಿಸುತ್ತಿದ್ದರು. ಸಬ್ಬತ್ ದಿನ ಗಾಣ ನಿಲ್ಲಿಸುತ್ತಿದ್ದರಿಂದ ‘ಶನಿವಾರ ತೇಲಿ’ ಎಂಬ ಹೆಸರು. ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ನವಗಾಂವ್ ದಡ ಸೇರಿದರು ಎಂಬುದು ಅವರ ಮೂಲಕಥೆ. ಶುಭಕಾರ್ಯಕ್ಕೆ ಎಲೀಯ ಪ್ರವಾದಿಯನ್ನು ನೆನೆದು ‘ಮಾಲಿದಾ’ ಮಾಡುತ್ತಾರೆ: ನೆನೆಸಿದ ಅವಲಕ್ಕಿ, ಕಾಯಿತುರಿ, ಸಿಹಿ, ಏಲಕ್ಕಿ, ಸುತ್ತ ಹಣ್ಣುಗಳು.

ಮಂಗಳೂರಿನ ನಂಟು ಇನ್ನೂ ಖಚಿತ, ಕಾಗದದ ಮೇಲೇ ಇದೆ. ಹನ್ನೆರಡನೇ ಶತಮಾನದಲ್ಲಿ, ಆಳುಪ ಅರಸರ ಕಾಲದಲ್ಲಿ, ಟ್ಯುನಿಷಿಯ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಇಲ್ಲಿ ಹಲವು ವರ್ಷ ಇದ್ದ. ಕಂಚಿನ ಕಾರ್ಖಾನೆ ನಡೆಸಿದ. ಯೆಮನ್ನಿನ ಬಂದರು ಏಡನ್ನಿನಿಂದ ಒಡೆದ ಪಾತ್ರೆಗಳು ಬಂದು, ಇಲ್ಲಿ ಕರಗಿ, ಹೊಸ ಪಾತ್ರೆಯಾಗಿ ಹಿಂದಿರುಗುತ್ತಿದ್ದವು. ಮೆಣಸು, ಅಡಕೆ, ಕಬ್ಬಿಣವೂ ಹೋಗುತ್ತಿತ್ತು. ದೇವರ ಹೆಸರಿರಬಹುದಾದ ಕಾಗದವನ್ನು ಹರಿದು ಬಿಸಾಡಬಾರದೆಂದು ಕೈರೋದ ಸಿನಗಾಗಿನ ಕೋಣೆಯಲ್ಲಿ ತುಂಬಿಟ್ಟಿದ್ದರಿಂದ ಅವನ ಪತ್ರಗಳು ಉಳಿದವು.

1132ರಲ್ಲಿ ಅವನು ಮಂಗಳೂರಿನಲ್ಲಿ ಅಶು ಎಂಬ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಯಹೂದಿ ನಿಯಮದಲ್ಲಿ ದಾಸಿಯ ಮಕ್ಕಳು ತಾಯಿಯ ಸ್ಥಾನವನ್ನೇ ಪಡೆಯುತ್ತಾರೆ; ಮಕ್ಕಳು ಮನೆತನಕ್ಕೆ ಸೇರಬೇಕಾದರೆ ತಾಯಿ ಮೊದಲು ಬಿಡುಗಡೆಯಾಗಬೇಕು. ಮಗಳು ಬೆಳೆದಾಗ ಬೇರೆ ಕಡೆಯಿಂದ ಸಂಬಂಧ ಬಂದರೂ ಅವನು ಅವಳನ್ನು ಕೊಟ್ಟದ್ದು ತನ್ನ ಒಡಹುಟ್ಟಿದ ಯೋಸೇಫನ ಮಗನಿಗೆ, 1156ರಲ್ಲಿ ಕೈರೋ ಪಕ್ಕದ ಫುಸ್ತಾತ್‌ನಲ್ಲಿ. ಮಂಗಳೂರಿನ ನೆರೆಹೊರೆಯವರ ಲೆಕ್ಕದಲ್ಲಿ ವಧೂವರರು ಅಣ್ಣತಂಗಿ.